ಜಂಬಲಾಯಾ: ಅಡಿ ಹಿಡಿದರೇ ರುಚಿ!

"ಅಜ್ಜಿ, ಸಾಕು."

ಕಳೆದ ಜೂನ್‌ನಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಹೊತ್ತೂ ಕೇಳಿಬರುತ್ತಿದ್ದ ಮಾತು ಇದು. ಹೇಳುತ್ತಿದ್ದವನು ನಮ್ಮ ಯಜಮಾನರ ಅಕ್ಕನ ಮಗ. ಹದಿನಾಲ್ಕು ವರ್ಷದ ಹುಡುಗ. ಹುಟ್ಟಿದ್ದು, ಬೆಳೆದದ್ದು ಎಲ್ಲ ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್ ಪಟ್ಟಣದಲ್ಲಿ. ಅಪ್ಪ ಅಮ್ಮ ಜೊತೆಗಿಲ್ಲದೆ ಒಬ್ಬನೇ ಐದು ವಾರ ಇರಲು ಬಂದಿದ್ದ. ಅವನಿಗೆ ಬರುವ ಕನ್ನಡ ಅಂದರೆ ಬೇಕು, ಬೇಡ, ಸಾಕು, ನೀರು. ನಮ್ಮ ಅತ್ತೆಗೆ ಬರುವ ಇಂಗ್ಲಿಷ್ ಅದಕ್ಕಿಂತ ಕಡಿಮೆ. ಇಬ್ಬರ ನಡುವೆ ಮಾತುಕತೆ ಏನಿದ್ದರೂ ತಟ್ಟೆಯ ಮೂಲಕವೇ ನಡೆಯಬೇಕು. ಅದೇ ನಡೆಯುತ್ತಿರಲಿಲ್ಲ ನೋಡಿ!

ಅತ್ತೆ ಮುದ್ದೆ ಮಾಡಿದರು, ಕೋಳಿ ಸಾರು ಮಾಡಿದರು, ಅಕ್ಕಿ ರೊಟ್ಟಿ ತಟ್ಟಿದರು. ಹುಡುಗ ಮರ್ಯಾದಸ್ಥ, ಮುಖ ಸಿಂಡರಿಸಲಿಲ್ಲ. ಎರಡು ತುತ್ತು ತಿಂದು "ಸಾಕು" ಎನ್ನುವನು, ಆಮೇಲೆ ರೂಮಿಗೆ ಹೋಗಿ ಬ್ರೆಡ್ಡು ಬಾಳೆಹಣ್ಣು. ಆರನೇ ದಿನ ರಾತ್ರಿ ಪಾತ್ರೆ ತೊಳೆಯುವಾಗ ಅತ್ತೆ ಹೇಳಿದರು, "ನನ್ನ ಕೈ ರುಚಿ ಹೋಗ್ಬಿಟ್ಟಿದೆ ಕಣೇ. ವಯಸ್ಸಾಯ್ತು." ಎಪ್ಪತ್ತೆರಡು ವರ್ಷದ ಆ ಜೀವ ಹಾಗೆ ಹೇಳಿದಾಗ ನನಗೆ ತಡೆಯಲಿಲ್ಲ. ಮರುದಿನ ಹುಡುಗನನ್ನೇ ಕೇಳಿದೆ: ನಿಮ್ಮನೇಲಿ ಹಬ್ಬ ಹುಣ್ಣಿಮೆ, ಬರ್ತ್‌ಡೇ ಅಂದ್ರೆ ಏನಪ್ಪಾ ತಿಂತೀಯ? ಅವನು ಯೋಚನೆಯನ್ನೂ ಮಾಡದೆ ಹೇಳಿದ, "ಜಂಬಲಾಯಾ."

ಅನ್ನ, ಮಾಂಸ, ತರಕಾರಿ, ಖಾರ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆ ಅಂತ ಗೊತ್ತಾಯಿತು. ಓಹೋ, ಇದು ನಮ್ಮ ಪಲಾವ್ ತಾನೇ ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ. ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎರಡು ಟೊಮ್ಯಾಟೊ, ಚಿಟಿಕೆ ಗರಂ ಮಸಾಲೆ, ಕುಕ್ಕರಿನಲ್ಲಿ ಎರಡು ವಿಷಲ್. ಮುಚ್ಚಳ ತೆಗೆದರೆ ಕೆಂಪು ಗಂಜಿ! ಹುಡುಗ ಅರ್ಧ ತಟ್ಟೆ ತಿಂದು "ಬಿಸಿಬೇಳೆಬಾತ್ ಚೆನ್ನಾಗಿದೆ" ಎಂದು ಇಂಗ್ಲಿಷಿನಲ್ಲಿ ಹೊಗಳಿದ. ನಮ್ಮ ಯಜಮಾನರು ನಕ್ಕು ನಕ್ಕು ನೀರು ಕುಡಿದರು. ನನಗೆ ನಗು ಬರಲಿಲ್ಲ.

ಆ ರಾತ್ರಿಯೇ ಅತ್ತಿಗೆಗೆ ಫೋನ್ ಮಾಡಿದೆ. ಟೊಮ್ಯಾಟೊ ಹಾಕಿದೆ ಅಂದ ತಕ್ಷಣ "ಅಯ್ಯೋ, ನಮ್ಮ ಪಕ್ಕದ್ಮನೆಯವ್ರು ಕೇಳಿಸ್ಕೊಂಡ್ರೆ ಅಷ್ಟೇ!" ಅಂದರು. ಅಲ್ಲಿ ಜಂಬಲಾಯಾ ಎರಡು ಬಗೆಯಂತೆ. ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಅಡುಗೆಯದು ಕೆಂಪು, ಅದಕ್ಕೆ ಟೊಮ್ಯಾಟೊ ಉಂಟು. ಹಳ್ಳಿಗಾಡಿನ ಕೇಜನ್ ಜನರದು ಕಂದು, ಅದಕ್ಕೆ ಟೊಮ್ಯಾಟೊ ಸೋಕಿಸುವ ಹಾಗೇ ಇಲ್ಲ. ಬ್ಯಾಟನ್ ರೂಜ್‌ನಿಂದ ಸ್ವಲ್ಪವೇ ದೂರದಲ್ಲಿ ಗೊನ್ಸಾಲೆಸ್ ಅನ್ನುವ ಊರಿದೆ. 1968ರಲ್ಲಿ ಅಲ್ಲಿನ ಗವರ್ನರ್ ಅದನ್ನು ಜಂಬಲಾಯಾದ ವಿಶ್ವ ರಾಜಧಾನಿ ಎಂದೇ ಸಾರಿಬಿಟ್ಟರು. ಅಲ್ಲಿ ನಡೆಯುವ ಜಂಬಲಾಯಾ ಹಬ್ಬದ ಸ್ಪರ್ಧೆಯಲ್ಲಿ ಸೌದೆ ಒಲೆಯ ಮೇಲೆ, ನಮ್ಮ ಮದುವೆ ಮನೆಯ ಕೊಪ್ಪರಿಗೆಯಂಥ ಕಬ್ಬಿಣದ ಪಾತ್ರೆಗಳಲ್ಲಿ ಇದು ತಯಾರಾಗುತ್ತದೆ. ಚರ್ಚು, ಶಾಲೆಗೆ ಹಣ ಕೂಡಿಸಬೇಕಾದರೂ ಇದೇ ಅಡುಗೆ. ನೂರು ಜನಕ್ಕೆ ಒಂದೇ ಪಾತ್ರೆ ಸಾಕಲ್ಲ!

ಈ ಕೇಜನ್ ಜನ ಯಾರು ಅಂತ ಕೇಳಿದರೆ ಅದೊಂದು ದೊಡ್ಡ ಕಥೆ. ಇವರ ಪೂರ್ವಿಕರು ಈಗಿನ ಕೆನಡಾದ ಅಕೇಡಿಯಾ ಎಂಬ ಕಡೆ ನೆಲೆಸಿದ್ದ ಫ್ರೆಂಚ್ ರೈತರು. 1755ರಿಂದ ಬ್ರಿಟಿಷರು ಅವರನ್ನು ಮನೆ ಹೊಲ ಬಿಡಿಸಿ ಹಡಗುಗಳಿಗೆ ತುಂಬಿ ದಿಕ್ಕಾಪಾಲು ಮಾಡಿದರು. ಹಾಗೆ ಅಲೆದವರಲ್ಲಿ ಒಂದಷ್ಟು ಜನ 1760ರ ದಶಕದಲ್ಲಿ ಲೂಸಿಯಾನಾದ ಜೌಗು ನಾಡು ಸೇರಿದರು. ಅಕೇಡಿಯನ್ ಅನ್ನುವುದೇ ಬಾಯಿಂದ ಬಾಯಿಗೆ ಸವೆದು ಕೇಜನ್ ಆಯಿತು. 1921ರಲ್ಲಿ ಆ ರಾಜ್ಯದ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದಾಯಿತು. ಮನೆಮಾತು ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ ಬೀಳುತ್ತಿತ್ತು. (ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿ ದಂಡ ಕಟ್ಟಿದ ಸ್ನೇಹಿತೆಯರು ನಮ್ಮಲ್ಲೂ ಇದ್ದೀರಿ ಅಲ್ವಾ?) ಈಗ ಎಷ್ಟೋ ಕೇಜನ್ ಮನೆಗಳಲ್ಲಿ ಅಜ್ಜಿಯ ಭಾಷೆ ಮೊಮ್ಮಕ್ಕಳಿಗೆ ಬರುವುದಿಲ್ಲ. ಅಜ್ಜಿಯ ಜಂಬಲಾಯಾ ಮಾತ್ರ ಬರುತ್ತದೆ. ಅತ್ತಿಗೆ ಇದನ್ನು ಹೇಳಿದಾಗ ನಾನು ಒಂದು ನಿಮಿಷ ಸುಮ್ಮನಾದೆ.

ಹೆಸರು ಎಲ್ಲಿಂದ ಬಂತು ಅನ್ನುವುದರಲ್ಲಿ ಒಮ್ಮತವಿಲ್ಲ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಮಾತಿನಿಂದ ಎನ್ನುತ್ತಾರೆ ಕೆಲವರು. ಅಡುಗೆಯನ್ನೇ ನೋಡಿದರೆ ಸ್ಪೇನಿನ ಪಯೆಯಾ, ಪಶ್ಚಿಮ ಆಫ್ರಿಕಾದ ಜೊಲೊಫ್ ಅನ್ನ ಎರಡರ ಚಹರೆಯೂ ಇದರಲ್ಲಿದೆ. ನಮ್ಮ ಅತ್ತೆಯ ಬಾಯಲ್ಲಿ ಇದು "ಜಾಂಬವತಿ ಅನ್ನ". ಈಗ ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅನ್ನುವುದು.

ಸರಿ, ಅಡುಗೆಮನೆಗೆ ಬರೋಣ. ಐದು ಜನಕ್ಕೆ ಎರಡು ಲೋಟ ಅಕ್ಕಿ ಸಾಕು. ಅಲ್ಲಿ ಬಳಸುವುದು ಉದ್ದ ಕಾಳಿನ ಬಿಳಿ ಅಕ್ಕಿ, ಲೂಸಿಯಾನಾದಲ್ಲೇ ಬೆಳೆಯುತ್ತದೆ. ಭತ್ತದ ಗದ್ದೆಯಲ್ಲೇ ಸರದಿಯ ಮೇಲೆ ಕ್ರಾಫಿಷ್ ಎಂಬ ಸೀಗಡಿಯಂಥ ಪ್ರಾಣಿಯನ್ನೂ ಸಾಕುತ್ತಾರಂತೆ. ಗದ್ದೆ ಏಡಿ ತಿಂದು ಬೆಳೆದ ಮಲೆನಾಡಿನವರಿಗೆ ಇದು ವಿಶೇಷ ಅನ್ನಿಸಲಿಕ್ಕಿಲ್ಲ. ನಮ್ಮಲ್ಲಿ ಬಾಸ್ಮತಿ ನಡೆಯುತ್ತದೆ, ಆದರೆ ಅದರ ಪರಿಮಳವೇ ಮುಂದಾಗುತ್ತದೆ. ನನ್ನ ಓಟು ಹಳೇ ಸೋನಾ ಮಸೂರಿಗೆ. ಹೊಸ ಅಕ್ಕಿ ಮಾತ್ರ ಬೇಡ, ಮುದ್ದೆಯಾಗುತ್ತದೆ.

ಮೂಳೆ ಸಮೇತ ಕೋಳಿ ಅರ್ಧ ಕೆಜಿ. ಅಲ್ಲಿ ಇದರ ಜೊತೆ ಆಂಡೂಯಿ ಎಂಬ ಹೊಗೆ ಹಾಕಿದ ಹಂದಿಮಾಂಸದ ಸಾಸೇಜ್ ಕಡ್ಡಾಯ. ನಾನು ಕೋಲ್ಡ್ ಸ್ಟೋರೇಜ್‌ನಲ್ಲಿ ಸಿಗುವ ಚಿಕನ್ ಸಾಸೇಜ್ ಐದಾರು ತಂದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದೆ. ಮೂರು ದೊಡ್ಡ ಈರುಳ್ಳಿ, ಒಂದು ದಪ್ಪ ಹಸಿರು ಕ್ಯಾಪ್ಸಿಕಂ ಅಂದರೆ ನಮ್ಮ ದೊಣ್ಣೆ ಮೆಣಸಿನಕಾಯಿ, ಎರಡು ದಂಟು ಸೆಲರಿ. ಈ ಮೂರಕ್ಕೂ ಸೇರಿ ಅಲ್ಲಿನವರು ಇಟ್ಟ ಹೆಸರು 'ಪವಿತ್ರ ತ್ರಿಮೂರ್ತಿ'. ಸೆಲರಿ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಕೊತ್ತಂಬರಿ ಸೊಪ್ಪಿನ ಎಳೆ ದಂಟು ಹಾಕಿ. ಅದೇ ರುಚಿ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ವಾಸಿ. ಬೆಳ್ಳುಳ್ಳಿ ಎಂಟು ಎಸಳು, ಜಜ್ಜಿದ್ದು.

ಖಾರದ ಪುಡಿಗೆ ಅಂಗಡಿಯ ಡಬ್ಬಿ ಹುಡುಕಬೇಡಿ. ಬ್ಯಾಡಗಿ ಮೆಣಸಿನಪುಡಿ ಎರಡು ಚಮಚ, ಅವರ ಪ್ಯಾಪ್ರಿಕಾದ ಬದಲಿಗೆ. ಗುಂಟೂರು ಪುಡಿ ಅರ್ಧ ಚಮಚ, ಕಯೆನ್ ಮೆಣಸಿನ ಬದಲಿಗೆ. ಕಾಳುಮೆಣಸಿನ ಪುಡಿ ಒಂದು ಚಮಚ. ಥೈಮ್ ಮತ್ತು ಆರೆಗಾನೊ ತಲಾ ಅರ್ಧ ಚಮಚ. (ಪಿಜ್ಜಾ ತರಿಸಿದಾಗ ಬಂದ ಪೊಟ್ಟಣಗಳು ಡ್ರಾಯರಿನಲ್ಲಿ ಬಿದ್ದಿರುತ್ತವಲ್ಲ, ಅದಕ್ಕೊಂದು ಗತಿ ಕಾಣಿಸಿ.) ಒಂದು ಪಲಾವ್ ಎಲೆ. ಶುಂಠಿ, ಗರಂ ಮಸಾಲೆ, ತೆಂಗಿನಕಾಯಿ, ಧನಿಯಾ ಯಾವುದೂ ಬೇಡ. ಕೈ ಡಬ್ಬಿಯ ಕಡೆ ಹೋಗುತ್ತೆ, ನನಗೆ ಗೊತ್ತು. ತಡೆದುಕೊಳ್ಳಿ.

ಪಾತ್ರೆಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ನಾನ್‌ಸ್ಟಿಕ್ ಬೇಡವೇ ಬೇಡ, ಏಕೆಂದರೆ ಅದಕ್ಕೆ ಏನೂ ಅಂಟಲ್ಲ. ಜಂಬಲಾಯಾದ ಬಣ್ಣ, ರುಚಿ ಎರಡೂ ಇರುವುದು ಅಂಟಿಕೊಂಡಿದ್ದರಲ್ಲೇ. ಅತ್ತೆಯ ಹಳೇ ಕಬ್ಬಿಣದ ದಪ್ಪ ಬಾಣಲೆಯನ್ನು ಅಟ್ಟದಿಂದ ಇಳಿಸಿದೆ. ಮೂರು ಚಮಚ ಎಣ್ಣೆ ಕಾಯಿಸಿ, ಉಪ್ಪು ಮತ್ತು ಅರ್ಧ ಮಸಾಲೆ ಸವರಿದ ಕೋಳಿ ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿದೆ. ಇಲ್ಲಿ ಅವಸರ ಮಾಡಬಾರದು. ಮಧ್ಯಮ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ, ಎಲ್ಲ ಮಗ್ಗುಲೂ ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಬೇಕು. ಸೌಟು ಆಡಿಸುತ್ತಲೇ ಇದ್ದರೆ ಕೋಳಿ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಕಂದಾಗುವುದಿಲ್ಲ. ಆಮೇಲೆ ಸಾಸೇಜ್ ಹಾಕಿದೆ. ತಳದಲ್ಲಿ ಕಂದು ಪದರ ಕಟ್ಟತೊಡಗಿತು.

"ಏ, ಅಡಿ ಹಿಡೀತಿದೆ ಕಣೇ!" ಹಾಲಿನಿಂದ ಅತ್ತೆ ಓಡಿ ಬಂದರು. ಬಂದವರೇ ನೀರಿನ ಚೊಂಬು ಎತ್ತಿದರು. ಐವತ್ತು ವರ್ಷ ಒಂದು ದಿನವೂ ಅಡಿ ಹಿಡಿಸದ ಕೈ ಅದು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹುಡುಗ ಮುಂದೆ ಬಂದು ಅವರ ಮಣಿಕಟ್ಟು ಹಿಡಿದುಕೊಂಡ. "ಅಜ್ಜಿ, ಬೇಡ." ನನ್ನ ಕೈಯಿಂದ ಮರದ ಸೌಟು ಇಸಿದುಕೊಂಡ, ಹೆಚ್ಚಿಟ್ಟ ಈರುಳ್ಳಿ ಅಷ್ಟನ್ನೂ ಸುರಿದ, ತಳ ಕೆರೆಯತೊಡಗಿದ. ಈರುಳ್ಳಿ ಬಿಟ್ಟ ನೀರಿಗೆ ಆ ಪದರ ಕರಗಿ ಎಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿತು. ಅತ್ತೆ ಬಗ್ಗಿ ವಾಸನೆ ನೋಡಿದರು. "ಸೀದಿಲ್ಲ ಅಲ್ವೇ!" ಅಂದರು.

ಇಡೀ ಅಡುಗೆಯ ಗುಟ್ಟು ಇಷ್ಟೇ ನೋಡಿ. ಕಂದಾಗುವುದಕ್ಕೂ ಸೀದು ಕಪ್ಪಾಗುವುದಕ್ಕೂ ನಡುವೆ ಇರುವುದು ಒಂದೆರಡು ನಿಮಿಷ. ಮೂಗು ಹೇಳುತ್ತದೆ. ತಪ್ಪಿ ಕಪ್ಪಾಯಿತೋ, ಪಾತ್ರೆ ಬದಲಿಸಿ. ಮೇಲೆ ನೀರು ಹೊಯ್ದು ಉಳಿಸಲು ಹೋದರೆ ಪೂರ್ತಿ ಕಹಿ.

ಈರುಳ್ಳಿ ಹತ್ತು ನಿಮಿಷ ಬಾಡಿದ ಮೇಲೆ ಕ್ಯಾಪ್ಸಿಕಂ, ಸೆಲರಿ, ಬೆಳ್ಳುಳ್ಳಿ, ಉಳಿದ ಮಸಾಲೆ. ಮೂಳೆ ಬೇಯಿಸಿದ ನೀರಿದ್ದರೆ ಅದು, ಇಲ್ಲದಿದ್ದರೆ ಬಿಸಿ ನೀರು ನಾಲ್ಕು ಲೋಟ (ಬಾಸ್ಮತಿ ನೆನೆಸಿದ್ದಾದರೆ ಮೂರೇ ಸಾಕು). ಕುದಿ ಬಂದಾಗ ಒಂದು ಚಮಚ ಬಾಯಿಗೆ ಹಾಕಿ ನೋಡಿ. ಈ ಹಂತದಲ್ಲಿ ಉಪ್ಪು ಒಂದು ಕೈ ಮುಂದೆಯೇ ಇರಬೇಕು, ಅಕ್ಕಿ ಎಳೆದುಕೊಳ್ಳುತ್ತೆ. ಆದರೆ ಸಾಸೇಜ್‌ನಲ್ಲೂ ಉಪ್ಪಿರುವುದರಿಂದ ಮೊದಲೇ ಸುರಿಯಬೇಡಿ. ತೊಳೆದು ಸೋಸಿದ ಅಕ್ಕಿ ಹಾಕಿ, ಮತ್ತೆ ಕುದಿ ಬಂದ ಮೇಲೆ ಉರಿ ಪೂರಾ ಸಣ್ಣ ಮಾಡಿ ಬಿಗಿಯಾಗಿ ಮುಚ್ಚಿ. ಇಪ್ಪತ್ತು ನಿಮಿಷ. ಮುಚ್ಚಳ ತೆಗೆದು ಇಣುಕುವ ಚಾಳಿ ಬೇಡ. ಮಧ್ಯದಲ್ಲಿ ಒಂದೇ ಸಲ, ಅಡಿಯಿಂದ ಮೇಲಕ್ಕೆ ಮಗುಚಿದರೆ ಆಯಿತು, ಕಲಕುವಂತಿಲ್ಲ. ಒಲೆ ಆರಿಸಿ ಹತ್ತು ನಿಮಿಷ ಹಾಗೇ ಬಿಟ್ಟು, ಈರುಳ್ಳಿ ಹೂವಿನ ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿ.

ಹೊಗೆಯ ವಾಸನೆ ಬೇಕೆಂದರೆ ಒಂದು ಉಪಾಯ. ಅನ್ನದ ಮಧ್ಯೆ ಪುಟ್ಟ ಸ್ಟೀಲ್ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡ, ಮೇಲೆ ಎರಡು ತೊಟ್ಟು ತುಪ್ಪ. ಐದು ನಿಮಿಷ ಮುಚ್ಚಿಡಿ. ಲೂಸಿಯಾನಾದಲ್ಲಿ ಹೀಗೆ ಮಾಡಲ್ಲ, ಆದರೆ ಅವರ ಸಾಸೇಜ್ ನಮ್ಮ ಬಳಿ ಇಲ್ಲವಲ್ಲ. ಸೀಗಡಿ ಹಾಕುವವರು ಕೊನೆಯ ಐದು ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ರಬ್ಬರ್.

ಮಾಂಸ ತಿನ್ನದ ಮನೆಯವರು ಮುನಿಸಿಕೊಳ್ಳಬೇಡಿ. ಅಣಬೆಯನ್ನು ದೊಡ್ಡದಾಗಿ ಹೆಚ್ಚಿ, ಉಪ್ಪು ಹಾಕದೆ ಹುರಿದರೆ ಅದೂ ತಳಕ್ಕೆ ಕಂದು ಕಟ್ಟುತ್ತದೆ. ಜೊತೆಗೆ ಬೆಂದ ರಾಜ್ಮಾ ಒಂದು ಬಟ್ಟಲು. ಬಣ್ಣ ಸಾಲದಿದ್ದರೆ ಎಣ್ಣೆ ಕಾದಾಗ ಒಂದು ಚಮಚ ಸಕ್ಕರೆ ಕರಗಿಸಿ ಕಂದಾಗಿಸಿ. ಇದು ಅಲ್ಲಿನ ಕೆಲವು ಅಡುಗೆಯವರೂ ಮಾಡುವ ಉಪಾಯವೇ. ಅತ್ತೆ ಸೋಮವಾರ, ಶನಿವಾರ ಮಾಂಸ ಮುಟ್ಟುವುದಿಲ್ಲ, ಆ ದಿನಕ್ಕೆ ನಮ್ಮಲ್ಲಿ ಇದೇ. ಟೊಮ್ಯಾಟೊ ಹಾಕಿ ಕ್ರಿಯೋಲ್ ಬಗೆ ಮಾಡುವುದಾದರೆ ಮಾತ್ರ ಕಬ್ಬಿಣದ ಬಾಣಲೆ ಬಿಟ್ಟು ದಪ್ಪ ತಳದ ಸ್ಟೀಲ್ ಪಾತ್ರೆ ಹಿಡಿಯಿರಿ, ಹುಳಿಗೆ ಕಬ್ಬಿಣದ ರುಚಿ ಬಿಡುತ್ತದೆ.

ಆ ಮಧ್ಯಾಹ್ನ ಹುಡುಗ ಮೂರು ಸಲ ಹಾಕಿಸಿಕೊಂಡ. ಮೊದಲ ಸಲ ಅವನ ಬಾಯಲ್ಲಿ "ಬೇಕು" ಕೇಳಿದ ಅತ್ತೆ ಸೌಟು ಹಿಡಿದು ನಿಂತೇ ಇದ್ದರು, ತಾವು ಊಟಕ್ಕೆ ಕೂತಿದ್ದು ಮೂರು ಗಂಟೆಗೆ. ಅವರಿಗೆ ರುಚಿ ಹಿಡಿಸಿತೇ? "ಖಾರ ಇದೆ, ಆದ್ರೆ ಹುಳಿನೇ ಇಲ್ವಲ್ಲೇ" ಎಂದು ನಿಂಬೆಹಣ್ಣು ಹಿಂಡಿಕೊಂಡರು. ಅದನ್ನು ನೋಡಿ ಹುಡುಗನೂ ಹಿಂಡಿಕೊಂಡ. ಮುಂದಿನ ಭಾನುವಾರ ಅದೇ ಬಾಣಲೆಯಲ್ಲಿ ಅತ್ತೆ ಕೋಳಿ ಸಾರಿಗೆ ಒಗ್ಗರಣೆ ಇಟ್ಟರು. ಈ ಸಲ ಬೇಕೆಂದೇ ಕೋಳಿಯನ್ನು ಅಡಿ ಹಿಡಿಸಿ, ಮೊಮ್ಮಗನ ಕೈಯಲ್ಲೇ ಕೆರೆಸಿದರು. ಸಾರನ್ನು ಅವನು ಅನ್ನಕ್ಕೆ ಹಾಕಿಕೊಂಡು ತಿಂದ, ಮುದ್ದೆಯ ಹತ್ತಿರ ಮಾತ್ರ ಕೊನೆಯವರೆಗೂ ಸುಳಿಯಲಿಲ್ಲ.

ಉಳಿದ ಜಂಬಲಾಯಾವನ್ನು ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗೆ ಹರಡಿ ಫ್ರಿಜ್‌ಗೆ ಇಡಿ. ರಾತ್ರಿಯಿಡೀ ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, ಹಬೆ ಏಳುವಷ್ಟು ಬಿಸಿ ಮಾಡಿ. ಜೊತೆಗೆ ಮೊಸರು ಬಜ್ಜಿ ಇರಲಿ. ಅತ್ತಿಗೆ ಈಗ ಬ್ಯಾಟನ್ ರೂಜ್‌ನಲ್ಲೂ ಮೊಸರು ಬಜ್ಜಿ ಮಾಡುತ್ತಿದ್ದಾರಂತೆ, ಮಗನ ಒತ್ತಾಯ.