ಮೋಟಾರ್ ಸೈಕಲ್ಲಿನ ಸರಪಳಿ

ಮೋಟಾರ್ ಸೈಕಲ್ಲನ್ನು ಇಟ್ಟುಕೊಂಡವರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಪೆಟ್ರೋಲಿನ ಬೆಲೆಯನ್ನು ಲೆಕ್ಕಹಾಕುತ್ತಾರೆ, ಬಣ್ಣ ಮಾಸದಂತೆ ಬಟ್ಟೆಯಿಂದ ಒರಸುತ್ತಾರೆ. ಎಂಜಿನ್ನಿನ ಬಲವನ್ನೆಲ್ಲ ಹಿಂದಿನ ಚಕ್ರಕ್ಕೆ ಮುಟ್ಟಿಸುವ ಸರಪಳಿಯ ಕಡೆಗೆ ಮಾತ್ರ, ಅದು ಕಡಿದು ಬೀಳುವ ದಿನದವರೆಗೆ, ಅವರ ದೃಷ್ಟಿ ಹರಿಯುವುದಿಲ್ಲ. ಹೀಗೆ ಉಪೇಕ್ಷೆಗೆ ಒಳಗಾದ ಈ ಅಂಗದ ರಚನೆ, ಮನೆಯಲ್ಲಿಯೇ ಮಾಡಬಹುದಾದ ಅದರ ಆರೈಕೆ, ದಾರಿಯಲ್ಲಿ ಅಕಸ್ಮಾತ್ತಾಗಿ ಒದಗುವ ರಿಪೇರಿ, ಇವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಬೆಂಗಳೂರಿನ ಸುತ್ತಣ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಗಳಲ್ಲಿ ಈ ವಿಷಯಕ್ಕೆ ವಿಶೇಷವಾದ ಪ್ರಾಮುಖ್ಯವುಂಟು. ಭಾನುವಾರ ಬೆಳಗಿನ ಜಾವದಲ್ಲಿ ನಂದಿಬೆಟ್ಟಕ್ಕೆ ಸವಾರಿ ಹೋಗುವ ಪಟ್ಟಣದ ಯುವಕರಿಗೆ ಸರಪಳಿ ಕಡಿದರೆ ಸೂರ್ಯೋದಯದ ದರ್ಶನ ತಪ್ಪೀತು, ಅಷ್ಟೆ. ಹಾಲಿನ ಕ್ಯಾನುಗಳನ್ನು ಎರಡು ಪಕ್ಕಗಳಲ್ಲಿ ಕಟ್ಟಿಕೊಂಡು ಡೈರಿಗೆ ಹೊರಟ ರೈತನಿಗೆ ಕಡಿದರೆ ಆ ಹೊತ್ತಿನ ಹಾಲೇ ಕೆಟ್ಟೀತು. ಮೇಲಾಗಿ ಇಲ್ಲಿಯ ಕೆಮ್ಮಣ್ಣಿನ ಧೂಳು, ಕಲ್ಲುಗಣಿಗಳ ಆಸುಪಾಸಿನಲ್ಲಿ ಹಾರುವ ಕಲ್ಲಿನ ಹುಡಿ, ಇವು ಎಣ್ಣೆಯೊಡನೆ ಬೆರೆತರೆ ಸಾಣೆಯ ಪುಡಿಯಂತೆ ಉಕ್ಕನ್ನು ತೇಯುತ್ತವೆ.

ಸರಪಳಿಯೆಂದರೆ ದನ ಕಟ್ಟುವ ಸರಪಳಿಯಂತೆ ಒಂದರೊಳಗೊಂದು ಕೋದ ಬಳೆಗಳಲ್ಲ. ಇದರ ಒಂದೊಂದು ಕೊಂಡಿಯಲ್ಲಿಯೂ ಎರಡು ಪಕ್ಕದ ತಗಡುಗಳು, ಅವುಗಳ ನಡುವೆ ಒಂದು ಉಕ್ಕಿನ ಕೀಲು, ಕೀಲಿನ ಸುತ್ತ ಒಂದು ಸಣ್ಣ ಕೊಳವೆ, ಆ ಕೊಳವೆಯ ಮೇಲೆ ಸುಲಭವಾಗಿ ತಿರುಗುವ ಇನ್ನೊಂದು ಉರುಳೆ. ಈ ಉರುಳೆಯೇ ಹಲ್ಲುಚಕ್ರದ ಹಲ್ಲಿನ ಮೇಲೆ ಕುಳಿತು ಎಳೆತವನ್ನು ಹೊರುವುದು. ಈ ರೀತಿಯ ಸರಪಳಿಯನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದವನು ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ್ದ ಹಾನ್ಸ್ ರೆನೊಲ್ಡ್. ಮೊದಮೊದಲಿನ ಮೋಟಾರ್ ಸೈಕಲ್ಲುಗಳಲ್ಲಿ ಅನೇಕವು ಚರ್ಮದ ಪಟ್ಟಿಯಿಂದಲೇ ಓಡುತ್ತಿದ್ದುವು. ಮಳೆಯಲ್ಲಿ ಆ ಪಟ್ಟಿ ಜಾರುತ್ತಿತ್ತು. ಸರಪಳಿ ಅದನ್ನು ಹಿಂದೆ ಹಾಕಿತು.

ಸರಪಳಿ "ಎಳೆಯಿತು" ಎಂದು ಜನ ಹೇಳುವುದುಂಟು. ಇದನ್ನು ಕೊಂಚ ವಿಚಾರಿಸಿ ನೋಡಬೇಕು. ಉಕ್ಕಿನ ತಗಡು ರಬ್ಬರಿನಂತೆ ಹಿಗ್ಗುವುದಿಲ್ಲ. ಸವೆಯುವುದು ಕೀಲು ಮತ್ತು ಕೊಳವೆ. ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು ಅಂತರದ 112 ಕೊಂಡಿಗಳ ಸರಪಳಿಯೊಂದನ್ನು ತೆಗೆದುಕೊಳ್ಳಿ. ಅದರ ಉದ್ದ ಸುಮಾರು 1422 ಮಿಲಿಮೀಟರು. ಒಂದೊಂದು ಕೀಲಿನಲ್ಲಿಯೂ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸವೆದರೆ ಕಣ್ಣಿಗೆ ಏನೂ ಕಾಣದು. ಆದರೆ 112 ಸವೆತಗಳು ಸೇರಿ ಸರಪಳಿ 11 ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಆಗ ಕೊಂಡಿಯ ಅಂತರಕ್ಕೂ ಹಲ್ಲಿನ ಅಂತರಕ್ಕೂ ಹೊಂದಿಕೆ ತಪ್ಪಿ, ಹಲ್ಲುಗಳು ಕೊಕ್ಕೆಯಂತೆ ಬಾಗಿ ಸವೆಯುತ್ತವೆ.

ಇದರಿಂದ ಎಣ್ಣೆ ಎಲ್ಲಿಗೆ ತಲುಪಬೇಕೆಂಬುದು ಸ್ಪಷ್ಟವಾಗುತ್ತದೆ. ನಮ್ಮ ಹಿರಿಯರು ಬಂಡಿ ಕಟ್ಟುವ ಮುನ್ನ ಕೀಲೆಣ್ಣೆಯನ್ನು ಹಾಕುತ್ತಿದ್ದುದು ಅಚ್ಚಿಗೇ ಹೊರತು ಗಾಲಿಯ ಪಟ್ಟಿಗಲ್ಲ. ಸರಪಳಿಯ ಹೊರಮೈಗೆ ಗ್ರೀಸನ್ನು ದಪ್ಪವಾಗಿ ಮೆತ್ತುವವರು ಗಾಲಿಯ ಪಟ್ಟಿಗೆ ಎಣ್ಣೆ ಹಚ್ಚಿದಂತೆಯೇ ಸರಿ. ಒಳಗಿನ ಕೀಲು ಒಣಗಿರುತ್ತದೆ, ಹೊರಗಿನ ಗ್ರೀಸು ಧೂಳನ್ನು ಕೂಡಿಹಾಕುತ್ತದೆ. ಎಂಜಿನ್ನಿನಿಂದ ಇಳಿಸಿದ ಹಳೆಯ ಕಪ್ಪು ಎಣ್ಣೆಯನ್ನು ಸುರಿಯುವ ಪದ್ಧತಿಯೂ ಹಳ್ಳಿಗಳಲ್ಲಿ ಬಹಳವಾಗಿದೆ. ಅದು ಪುಕ್ಕಟೆಯಾಗಿ ದೊರೆಯುವುದು ನಿಜ. ಅದರಲ್ಲಿ ಲೋಹದ ನುಣ್ಣನೆಯ ಚೂರುಗಳು ಇರುವುದೂ ಅಷ್ಟೇ ನಿಜ.

ಮಾಡಬೇಕಾದುದು ಇಷ್ಟು. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕೆ ಮುಂಚೆಯೇ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಸರಪಳಿಯನ್ನು ಉಜ್ಜಿ, ಬಟ್ಟೆಯಿಂದ ಒರಸಿ ಒಣಗಿಸಬೇಕು. ಪೆಟ್ರೋಲು ಬೇಡ, ತಂತಿಯ ಬ್ರಷ್ಷೂ ಬೇಡ. ಈಚಿನ ಅನೇಕ ಸರಪಳಿಗಳಲ್ಲಿ ಕೀಲಿನ ಎರಡು ಕೊನೆಗಳಲ್ಲಿ ಸಣ್ಣ ರಬ್ಬರ್ ಬಳೆಗಳನ್ನಿಟ್ಟು ಗ್ರೀಸನ್ನು ಒಳಗೇ ಬಂಧಿಸಿರುತ್ತಾರೆ. ಆ ರಬ್ಬರಿಗೆ ಇವೆರಡೂ ಶತ್ರುಗಳು. ಅನಂತರ 90ರ ಗೇರ್ ಆಯಿಲನ್ನು ಕೆಳಗಿನ ಸಾಲಿನ ಒಳಮಗ್ಗುಲಿಗೆ, ತಗಡುಗಳು ಕೂಡುವ ಸಂದಿನಲ್ಲಿ, ಹನಿಹನಿಯಾಗಿ ಬಿಡಬೇಕು. ಸರಪಳಿ ಸುತ್ತುವಾಗ ಎಣ್ಣೆ ತಾನಾಗಿಯೇ ಹೊರಕ್ಕೆ ಹರಡುವುದು. ಸವಾರಿಯಿಂದ ಬಂದ ಕೂಡಲೆ, ಸರಪಳಿ ಬೆಚ್ಚಗಿರುವಾಗಲೇ ಈ ಕೆಲಸ ಮಾಡಿದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಹೆಚ್ಚಾದುದನ್ನು ಒರಸಿಬಿಡಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ನನ್ನ ಕರ್ತವ್ಯ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ನನ್ನು ನಡೆಸಿ, ಗೇರಿನಲ್ಲಿಟ್ಟು, ತಾನೇ ಓಡುತ್ತಿರುವ ಸರಪಳಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ಬಟ್ಟೆಯನ್ನು ಹಲ್ಲುಚಕ್ರ ಕಚ್ಚಿದರೆ ಬೆರಳೂ ಅದರೊಡನೆ ಹೋಗುತ್ತದೆ. ಹಿಂದಕ್ಕೆಳೆದುಕೊಳ್ಳಲು ಕಾಲಾವಕಾಶವೇ ಇರುವುದಿಲ್ಲ. ಸೀರೆಯ ಸೆರಗಿನ ಮತ್ತು ದುಪಟ್ಟಾದ ಅಪಾಯವೂ ಇದೇ ಬಗೆಯದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಾಗದಂತೆ ಮರೆ ಇರಬೇಕೆಂದು ವಿಧಿಸಿರುವುದು ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಿರಲೆಂದು. ಅಂದಕ್ಕಾಗಿ ಅದನ್ನು ಕಿತ್ತೊಗೆಯುವ ತರುಣರು ನಮ್ಮ ಕಾಲೇಜುಗಳಲ್ಲಿ ಕಡಮೆಯಿಲ್ಲ.

ಇನ್ನು ಬಿಗಿಯ ವಿಚಾರ. ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಮೇಲಕ್ಕೂ ಕೆಳಕ್ಕೂ ಆಡಿಸಿದರೆ, ಸಾಧಾರಣ ಗಾಡಿಗಳಲ್ಲಿ 25ರಿಂದ 30 ಮಿಲಿಮೀಟರಿನಷ್ಟು ಆಟವಿರಬೇಕು; ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಚಕ್ರವನ್ನು ತಿರುಗಿಸುತ್ತ ನಾಲ್ಕಾರು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿಯಿದೆಯೋ ಅಲ್ಲಿ ಈ ಅಳತೆ ಸಿಕ್ಕುವಂತೆ ಮಾಡಬೇಕು. ಸಡಿಲವಾದ ಸರಪಳಿ ಹಲ್ಲಿನಿಂದ ಜಿಗಿದು ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸೀತು. ಅತಿ ಬಿಗಿಯಾದುದು ಗೇರುಪೆಟ್ಟಿಗೆಯ ಬೇರಿಂಗನ್ನು ಸದ್ದಿಲ್ಲದೆ ತಿನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ತಪ್ಪೇ ನಮ್ಮಲ್ಲಿ ಹೆಚ್ಚು. ಭಾರ ಹೇರಿದಾಗ ಹಿಂದಿನ ಸ್ಪ್ರಿಂಗುಗಳು ಕುಗ್ಗಿ, ಬಹುಪಾಲು ಗಾಡಿಗಳಲ್ಲಿ ಸರಪಳಿ ಇನ್ನಷ್ಟು ಬಿಗಿಯುತ್ತದೆ ಎಂಬುದನ್ನು ಯಾರೂ ಎಣಿಸುವುದಿಲ್ಲ. ಹಾಲಿನ ಕ್ಯಾನು ಹೊರುವವರು ಕ್ಯಾನುಗಳನ್ನು ಹೇರಿದ ಮೇಲೆ ಒಮ್ಮೆ ಬೆರಳಿಟ್ಟು ನೋಡುವುದು ಒಳ್ಳೆಯದು.

ಬಿಗಿಮಾಡುವುದಕ್ಕೆ ಹಿಂದಿನ ಅಚ್ಚಿನ ನಟ್ಟನ್ನು ಸಡಿಲಿಸಿ, ಎರಡು ಪಕ್ಕಗಳ ತಿರುಪುಗಳನ್ನೂ ಸಮಸಮನಾಗಿ ತಿರುಗಿಸಬೇಕು. ಎರಡು ಕಡೆಯ ಗುರುತುಗಳೂ ಒಂದೇ ಗೆರೆಯಲ್ಲಿರಲಿ. ಇಲ್ಲವಾದರೆ ಚಕ್ರ ಓರೆಯಾಗಿ ಹಲ್ಲಿನ ಒಂದು ಮಗ್ಗುಲೇ ಸವೆಯುತ್ತದೆ. ನಟ್ಟನ್ನು ಭದ್ರಪಡಿಸಿದ ಮೇಲೆ ಬ್ರೇಕನ್ನು ಮರೆಯಬೇಡಿ. ಚಕ್ರ ಹಿಂದಕ್ಕೆ ಸರಿದಾಗ ಬ್ರೇಕಿನ ಸರಳು ಎಳೆಯಲ್ಪಟ್ಟು ಚಕ್ರವನ್ನು ಹಿಡಿದಿರಬಹುದು.

ಮೈಸೂರಿನಲ್ಲಿ 1996ರವರೆಗೆ ಗಾಡಿಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಗಾಡಿಯಲ್ಲಿ ಸರಪಳಿಯನ್ನು ಪೂರ್ಣವಾಗಿ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿರುತ್ತಿತ್ತು. ನಮ್ಮ ಧೂಳಿನ ದಾರಿಗಳಿಗೆ ಇದಕ್ಕಿಂತ ಉಚಿತವಾದ ಏರ್ಪಾಡನ್ನು ನಾನು ಕಾಣೆ. ಈಗಲೂ ದಿನಬಳಕೆಯ ಎಷ್ಟೋ ಗಾಡಿಗಳಿಗೆ ಇಂತಹ ಮುಚ್ಚಳವಿದೆ. ಆದರೆ ಮರೆಯಲ್ಲಿರುವುದು ಮರೆತೂ ಹೋಗುತ್ತದೆ; ಮುಚ್ಚಳದ ರಬ್ಬರ್ ಬಿರಡೆಯನ್ನು ಕಿತ್ತು ಬೆರಳಿನಿಂದ ಬಿಗಿಯನ್ನು ಪರೀಕ್ಷಿಸಬಹುದೆಂಬುದನ್ನು ಅನೇಕ ಒಡೆಯರು ಅರಿಯರು.

ಹಿಂದಿನ ಹಲ್ಲುಚಕ್ರದ ಹಿಂಬದಿಯಲ್ಲಿ ಸರಪಳಿಯನ್ನು ಹಿಡಿದೆಳೆದಾಗ ಹಲ್ಲಿನ ಅರ್ಧದಷ್ಟು ಹೊರಕ್ಕೆ ಕಂಡರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ಆಗ ಸರಪಳಿಯನ್ನೂ ಎರಡು ಹಲ್ಲುಚಕ್ರಗಳನ್ನೂ ಒಟ್ಟಿಗೆ ಬದಲಾಯಿಸುವುದೇ ಲಾಭ. ಹಳೆಯ ಹಲ್ಲಿನ ಮೇಲೆ ಹೊಸ ಸರಪಳಿ ಬಹುಕಾಲ ಬಾಳದು.

ದಾರಿಯಲ್ಲಿ ಕಡಿಯುವುದು ಬಹುಮಟ್ಟಿಗೆ ಮೆಕ್ಯಾನಿಕ್ಕುಗಳು ಚೈನ್ ಲಾಕ್ ಎಂದು ಕರೆಯುವ ಕೂಡುಕೊಂಡಿಯಲ್ಲಿ. ಅದರ ಸಣ್ಣ ಕ್ಲಿಪ್ಪು ಹಾರಿಹೋಗುತ್ತದೆ, ಹಿಂದೆಯೇ ತಗಡು ಬೀಳುತ್ತದೆ. ನಿಮ್ಮ ಸರಪಳಿಯ ಅಳತೆಯದೇ ಆದ ಒಂದು ಲಾಕು, ಒಂದು ಇಕ್ಕಳ, ಅಚ್ಚಿನ ನಟ್ಟಿಗೆ ಸರಿಯಾದ ಸ್ಪ್ಯಾನರು, ಇವು ಸೀಟಿನ ಕೆಳಗಿದ್ದರೆ ಅರ್ಧ ಗಂಟೆಯ ಕೆಲಸ. ಮೊದಲು ಕೀಲಿಕೈಯನ್ನು ತೆಗೆದು ಜೇಬಿಗೆ ಹಾಕಿ, ಗೇರನ್ನು ನ್ಯೂಟ್ರಲಿಗೆ ತಂದು, ಸರಪಳಿಯ ಎರಡು ತುದಿಗಳೂ ಹಿಂದಿನ ಹಲ್ಲುಚಕ್ರದ ಮೇಲೆ ಸೇರುವಂತೆ ಕೂಡಿಸಿಕೊಳ್ಳಿ. ಹಲ್ಲುಗಳೇ ಅವನ್ನು ಹಿಡಿದುಕೊಳ್ಳುತ್ತವೆ. ಲಾಕನ್ನು ತೂರಿಸಿ, ತಗಡನ್ನಿಟ್ಟು, ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಓಡುವ ದಿಕ್ಕಿಗೆ ಇರುವಂತೆ ಇಕ್ಕಳದಿಂದ ಒತ್ತಿ ಕೂರಿಸಬೇಕು. ಮೇಲಿನ ಸಾಲಿನಲ್ಲಿ ಆ ದಿಕ್ಕು ಎಂಜಿನ್ನಿನ ಕಡೆಗೆ. ತೆರೆದ ಬಾಯಿ ಮುಂದಿದ್ದರೆ, ಯಾವುದಾದರೂ ತಗುಲಿದ ಕೂಡಲೆ ಕ್ಲಿಪ್ಪು ಮತ್ತೆ ಹಾರೀತು. ಕ್ಲಿಪ್ಪು ಮಾತ್ರ ಕಳೆದು ತಗಡು ಉಳಿದಿದ್ದರೆ, ಕೀಲುಗಳ ತುದಿಯ ಕಚ್ಚಿನಲ್ಲಿ ಸಣ್ಣ ತಂತಿಯನ್ನು ಬಿಗಿಯಾಗಿ ಸುತ್ತಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ, ನಿಧಾನವಾಗಿ ಹತ್ತಿರದ ಅಂಗಡಿಯವರೆಗೆ ಹೋಗಬಹುದು. ಅಲ್ಲಿಂದ ಮುಂದಕ್ಕೆ ಆ ತಂತಿಯನ್ನು ನಂಬಬಾರದು.