ಮಗ್ಗದ ಮನೆಯಲ್ಲಿ ದುಡಿಮೆ ಮತ್ತು ದಾಂಪತ್ಯ

ದುಡಿಮೆಗೂ ಬಾಂಧವ್ಯಕ್ಕೂ ಹೊತ್ತನ್ನು ಹಂಚಿಕೊಳ್ಳುವ ಬಗೆ ಹೇಗೆಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕಚೇರಿ, ಕಾರ್ಖಾನೆಗಳಿಗೆ ಹೋಗಿಬರುವವರನ್ನು ಕುರಿತೇ ಎತ್ತಲಾಗುತ್ತದೆ. ಅವರಿಗೆ ಮನೆಯೊಂದು ಕಡೆ, ಕೆಲಸವೊಂದು ಕಡೆ, ನಡುವೆ ಗೆರೆಯೊಂದಿರುತ್ತದೆ. 1948ರ ಕಾರ್ಖಾನೆ ಕಾಯಿದೆಯು ವಯಸ್ಕ ಕಾರ್ಮಿಕನ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿದುದು ಆ ಗೆರೆಯನ್ನೇ ನಂಬಿ. ಮೊಳಕಾಲ್ಮೂರಿನ ರೇಷ್ಮೆ ನೇಕಾರನ ಮನೆಯಲ್ಲಿ ಅಂತಹ ಗೆರೆ ಕಾಣದು. ಅಡುಗೆಯ ಒಲೆಯಿಂದ ನಾಲ್ಕು ಹೆಜ್ಜೆಗೆ ಮಗ್ಗದ ಗುಂಡಿ.

2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಸೀರೆಯ ಚೆಲುವನ್ನು ಹೊಗಳುವವರು ಅದರ ಅಂಚನ್ನು ಮೊದಲು ಹೆಸರಿಸುತ್ತಾರೆ. ಒಡಲಿನದೊಂದು ಬಣ್ಣ, ಅಂಚಿನದು ಅಚ್ಚ ಬೇರೆ ಬಣ್ಣ ಆಗಬೇಕಾದರೆ ಮೂರು ಲಾಳಿಗಳು ಬೇಕು: ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು. ಪ್ರತಿ ಹೊಕ್ಕಿನಲ್ಲಿಯೂ ಅಂಚಿನ ಎಳೆ ಒಡಲಿನ ಎಳೆಯೊಡನೆ ಕೊಂಡಿ ಹಾಕಿಕೊಳ್ಳಬೇಕು. ಒಬ್ಬನ ಎರಡು ಕೈಗಳಿಗೆ ಇದು ಸಾಗದು. ಪಕ್ಕದಲ್ಲಿ ಕುಳಿತು ಆಚೆಯ ಲಾಳಿಯನ್ನು ದಾಟಿಸುವ ಮತ್ತೊಂದು ಜೋಡಿ ಕೈಗಳು ಬಹುಮಟ್ಟಿಗೆ ಮಡದಿಯವು, ಇಲ್ಲವೆ ಮಗಳವು. ರಾಟೆಯಲ್ಲಿ ಕಂಡಿಕೆ ಸುತ್ತುವ ಕೆಲಸವೂ ಅವರದೇ. ಗಂಡಹೆಂಡಿರು ದಿನವಿಡೀ ಒಂದು ಮೊಳದ ಅಂತರದಲ್ಲಿದ್ದರೂ ಅವರ ಮಾತೆಲ್ಲ ಕಡಿದ ಎಳೆಯನ್ನು ಕುರಿತದ್ದು. ಮುನಿಸಿಕೊಂಡು ಎದ್ದುಹೋಗುವ ಸವಲತ್ತು ಸಹ ಅವರಿಗಿಲ್ಲ. ಎದ್ದರೆ ಸೀರೆ ನಿಲ್ಲುತ್ತದೆ.

ಇದಕ್ಕಿಂತ ತೊಡಕಿನ ಸಂಗತಿ ಕೂಲಿಯದು. ಮಾಲೀಕನಿಂದ ರೇಷ್ಮೆ, ಜರಿಗಳನ್ನು ಪಡೆದು ನೇಯುವವನಿಗೆ ಕೂಲಿ ಸಲ್ಲುವುದು ಸೀರೆಯ ಲೆಕ್ಕದಲ್ಲಿ, ಆಳಿನ ಲೆಕ್ಕದಲ್ಲಲ್ಲ. ಆದಕಾರಣ ಮಡದಿಯ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ‘ನೆರವು’ ಎಂಬ ಸೌಮ್ಯವಾದ ಪದದಲ್ಲಿ ಅದನ್ನು ಮುಗಿಸಿಬಿಡುವುದು ನ್ಯಾಯವಲ್ಲ.

ಚಳ್ಳಕೆರೆಯ ಸೀಮೆಯ ಕುರಿಗಾರರ ಪಾಡು ಇದಕ್ಕೆ ತೀರ ವಿರುದ್ಧವಾದುದು. ಬೇಸಗೆಯಲ್ಲಿ ಮೇವು ತೀರಿದಾಗ ಗಂಡಸರು ಮಂದೆಯ ಹಿಂದೆ ಊರು ಬಿಡುತ್ತಾರೆ. ಕಂಬಳಿಗೆ ಉಣ್ಣೆ ನೂಲುವ ಹೆಂಗಸರ ಮೇಲೆ ಮನೆಯ ಭಾರವೆಲ್ಲ ಬೀಳುತ್ತದೆ. ಆದರೂ ಅಲ್ಲಿಯ ಅಗಲಿಕೆಗೆ ಒಂದು ಋತುವಿನ ಅವಧಿಯುಂಟು, ಮಳೆಯೊಡನೆ ಮರಳುವ ದಿನವೂ ಉಂಟು.

ನೇಕಾರರಲ್ಲಿ ಹಲವೆಡೆ ಅಮಾವಾಸ್ಯೆಯಂದು ಮಗ್ಗ ನಿಲ್ಲಿಸುವ ರೂಢಿಯಿದೆ. ತಿಂಗಳಿಗೊಮ್ಮೆ ಬರುವ ಆ ಬಿಡುವಿನಲ್ಲಿ ಗಂಡನು ಕೂಲಿಯ ಲೆಕ್ಕಕ್ಕೆಂದು ಮಾಲೀಕನ ಮನೆಗೆ ಹೊರಟರೆ, ಹೆಂಡತಿಯು ಮರುದಿನದ ಕಂಡಿಕೆಗಳನ್ನು ಸುತ್ತಲು ಕುಳಿತಿರುತ್ತಾಳೆ.