ಆಂಬ್ಯುಲೆನ್ಸ್ ಕೆಂಪು ದೀಪದಲ್ಲಿ ನಿಧಾನಿಸುವುದೇಕೆ?

ಪ್ರಶ್ನೆ: ಸಿಗ್ನಲ್ ದಾಟಲು ಆಂಬ್ಯುಲೆನ್ಸ್‌ಗೆ ಅನುಮತಿ ಇದೆಯಲ್ಲ, ಆದರೂ ಚಾಲಕರು ಬ್ರೇಕ್ ಹಾಕುವುದೇಕೆ?

ಉತ್ತರ: ಅನುಮತಿ ಇರುವುದು ಎಚ್ಚರಿಕೆಯಿಂದ ದಾಟಲು ಮಾತ್ರ. ಗಾಜು ಏರಿಸಿ ಹಾಡು ಹಾಕಿಕೊಂಡ ಕಾರಿನೊಳಗೆ ಸೈರನ್ ಕೇಳುವುದು ವಾಹನ ತೀರಾ ಹತ್ತಿರ ಬಂದ ಮೇಲೆ. ಹಸಿರು ದೀಪ ಕಂಡವರು ಅಡ್ಡರಸ್ತೆಯಿಂದ ನುಗ್ಗಿ ಬರುತ್ತಾರೆ. ಅದಕ್ಕೇ ಒಳ್ಳೆಯ ಚಾಲಕರು ಪ್ರತಿ ಸಾಲಿನ ವಾಹನವೂ ನಿಂತಿದೆಯೇ ಎಂದು ಒಂದೊಂದಾಗಿ ನೋಡಿಕೊಂಡೇ ಮುಂದೆ ಸಾಗುತ್ತಾರೆ. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಿಂದೆ ರೋಗಿಯ ಆರೈಕೆಯಲ್ಲಿರುವ ಸಿಬ್ಬಂದಿಗೆ ಒಂದು ಜೋರು ಬ್ರೇಕೇ ಅಪಾಯ. ಹೀಗೆ ನಿಧಾನಿಸುವುದು ಅಂಜಿಕೆಯಲ್ಲ, ಕಸುಬಿನ ಜಾಣ್ಮೆ.

ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯಡಿ 10,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸೈರನ್ ಕೇಳಿದೊಡನೆ ದಯವಿಟ್ಟು ಪಕ್ಕಕ್ಕೆ ಸರಿದು ದಾರಿ ಬಿಡಿ.